ಕೊನೆಗೆ ಉಳಿದವರ ಲೆಕ್ಕ

ಚಳಿಗಾಲ ಮುಗಿಯುತ್ತ ಬಂದಾಗ ಬಾಗಿಲ ಹಿಂದಿನ ಗೂಟದಿಂದ ದಪ್ಪ ಕೋಟುಗಳನ್ನು ಇಳಿಸಿ ಕಪಾಟಿಗೆ ಸೇರಿಸುವುದು ನಮ್ಮ ಮನೆಯ ವಾಡಿಕೆ. ಕೋಟುಗಳ ಕೆಳಗೆ ಒಂದು ಸ್ಕಾರ್ಫು ಸಿಕ್ಕಿಕೊಂಡಿರುತ್ತದೆ. ಅದನ್ನು ಮಾತ್ರ ನಾನು ಇಳಿಸುವುದಿಲ್ಲ, ಒಗೆಯುವುದೂ ಇಲ್ಲ. ನೀಲಿ-ಹಳದಿ ಪಟ್ಟೆಯ ಕೈಹೆಣಿಗೆಯ ಉಣ್ಣೆ. ಮೂಗಿನ ಹತ್ತಿರ ತಂದರೆ ಸುಟ್ಟ ಸಾಸೇಜಿನ ಹೊಗೆ, ಮಳೆಯಲ್ಲಿ ನೆನೆದು ಒಣಗಿದ ಉಣ್ಣೆ, ಎಂದೋ ಚೆಲ್ಲಿದ ಫಿಲ್ಟರ್ ಕಾಫಿ, ಮೂರೂ ಒಟ್ಟಿಗೆ ಬರುತ್ತವೆ. ಮೊಟ್ಟೆಯನ್ನೂ ಮುಟ್ಟದ ನನ್ನ ಕೊರಳಿಗೆ ಸಾಸೇಜಿನ ವಾಸನೆ ಹೇಗೆ ಸುತ್ತಿಕೊಂಡಿತು ಎಂದು ನೀವು ಕೇಳಬಹುದು. ಹೇಳುತ್ತೇನೆ, ಅವಸರ ಮಾಡಬೇಡಿ.

ಹೋದ ತಿಂಗಳು ಕಾಫಿಗೆಂದು ಅಭಿಷೇಕ ಬಂದಿದ್ದ. ಬೆಂಗಳೂರಿನವನು, ಇಲ್ಲಿ ಜರ್ಮನಿಯಲ್ಲಿ ಫೊಯರ್‌ಬಾಕಿನ ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರಿದ ಎಂಜಿನಿಯರು. ನಮ್ಮ ಮನೆಯಲ್ಲಿ ಶೂ ಬಿಚ್ಚುವವರೆಲ್ಲ ಆ ಸ್ಕಾರ್ಫಿನ ಕೆಳಗೇ ಬಗ್ಗಬೇಕು. ಅವನೂ ಬಗ್ಗಿದ, ಎದ್ದ, ಹಿಡಿದು ನೋಡಿದ.

"ಅಕ್ಕಾ, ಇದ್ಯಾವ ಟೀಮು? ನೋಡೇ ಇಲ್ವಲ್ಲ."

"ನಮ್ಮ ಏರಿಯಾದ ಫುಟ್‌ಬಾಲ್ ಕ್ಲಬ್ಬು ಕಣೋ. ಅಲ್ಲೇ, ಬಾಲ್ಕನಿಯಿಂದ ಗ್ರೌಂಡ್ ಕಾಣುತ್ತಲ್ಲ, ಅದೇ."

"ಯಾವ ಡಿವಿಷನ್?"

"ಮೇಲಿಂದ ಎಣಿಸ್ಬೇಡ, ಸುಸ್ತಾಗುತ್ತೆ. ಕೆಳಗಿಂದ ಎಣಿಸು, ಬೇಗ ಸಿಗುತ್ತೆ."

ಅವನು ನಕ್ಕ. ಅವನ ಅಭಿಮಾನವೆಲ್ಲ ಇಂಗ್ಲೆಂಡಿನ ಒಂದು ದೊಡ್ಡ ತಂಡದ ಮೇಲೆ. ಅದರ ಜೆರ್ಸಿ ಮೂರಿವೆಯಂತೆ. ಆಟಗಾರರ ಎತ್ತರ, ಮೊಣಕಾಲಿನ ಆಪರೇಷನ್ನು, ಹೆಂಡತಿಯರ ಹೆಸರು, ಎಲ್ಲ ಬಾಯಿಪಾಠ. ಅರ್ಧ ಗಂಟೆ ಹೇಳಿದ. ಆಮೇಲೆ ಲೋಟ ಕೆಳಗಿಟ್ಟು, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆಫ್‌ಸೈಡ್ ಅಂದ್ರೆ ಏನು ಹೇಳಿ ನೋಡೋಣ" ಎಂದ. ನಾನು ಸಕ್ಕರೆ ಡಬ್ಬಿಯನ್ನು ಗೋಲ್‌ಕೀಪರ್ ಮಾಡಿ, ಎರಡು ಕೋಡುಬಳೆ ಮುಂದಿಟ್ಟು ವಿವರಿಸಲು ಹೋದೆ. ಸ್ವಲ್ಪ ಹೊತ್ತಿಗೆ ಯಾವ ಕೋಡುಬಳೆ ನಮ್ಮ ಕಡೆಯದು ಎಂಬುದೇ ಮರೆತುಹೋಯಿತು. "ನೀವು ಸುಮ್ನೆ ಟೈಮ್‌ಪಾಸಿಗೆ ಹೋಗೋರು. ರಿಯಲ್ ಫ್ಯಾನ್ ಅಲ್ಲ ಬಿಡಿ" ಎಂದು ಅವನು ನಮ್ಮ ಕಡೆಯ ಕೋಡುಬಳೆಯನ್ನು ಮುರಿದು ಬಾಯಿಗೆ ಹಾಕಿಕೊಂಡ.

ತಮಾಷೆಗೆ ಅಂದದ್ದು. ಆದರೂ ನನಗೆ ಚುರ್ರೆಂದಿತು. ಏಕೆಂದರೆ ನಿಜವಾದ ಅಭಿಮಾನಿಯೋ ಅಲ್ಲವೋ ಎಂಬ ಪ್ರಶ್ನೆ ಒಂಬತ್ತು ವರ್ಷದ ಹಿಂದೆಯೂ ನನ್ನ ಮುಂದೆ ಬಂದಿತ್ತು, ಆಗ ನಾನು ಸರಿಯಾಗಿಯೇ ನಪಾಸಾಗಿದ್ದೆ. ನಪಾಸು ಮಾಡಿದವರು ಕೆಳಗಿನ ಮನೆಯ ಫ್ರೌ ಐಸೆಲೆ, ಎಂದರೆ ಶ್ರೀಮತಿ ಐಸೆಲೆ.

ಫ್ರೌ ಐಸೆಲೆಗೆ ಆಗಲೇ ಎಪ್ಪತ್ತು ದಾಟಿತ್ತು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮಿಬ್ಬರ ಪರಿಚಯ ಆದದ್ದು ಪೊರಕೆಯಿಂದ. ಈ ಊರಿನಲ್ಲಿ ಕೇರ್‌ವೋಖೆ ಎಂಬ ಒಂದು ವ್ರತ ಉಂಟು. ವಾರಕ್ಕೊಂದು ಮನೆಯವರು ಸರದಿಯ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದಾಗ ಬಾಗಿಲಿಗೆ ಒಂದು ಮರದ ಫಲಕ ನೇತಾಡುತ್ತದೆ. ನನ್ನ ಮೊದಲ ಸರದಿಯಲ್ಲಿ ಮೈಸೂರಿನ ಪದ್ಧತಿಯಂತೆ ಬಕೆಟ್ಟಿನಿಂದ ಮೆಟ್ಟಿಲ ಮೇಲೆ ನೀರು ಸುರಿದು ಬರಬರನೆ ಉಜ್ಜಿದೆ. ನೀರು ಒಂದು ಅಂತಸ್ತು ಇಳಿದು ಅವರ ಬಾಗಿಲ ಕೆಳಗಿನಿಂದ ಒಳಹೋಯಿತು. ಬಾಗಿಲು ತೆರೆಯಿತು. ಬೈಗುಳ ಬರುತ್ತದೆ ಎಂದು ನಿಂತಿದ್ದೆ. ಅವರು ನೀರನ್ನೂ ನನ್ನನ್ನೂ ನೋಡಿ, "ಕೆಲಸ ಮಾಡೋ ಕೈ. ಬಾ, ಒರೆಸೋದು ತೋರಿಸ್ತೀನಿ" ಎಂದರು. ಅವರು ಆಡುತ್ತಿದ್ದದ್ದು ಈ ಸೀಮೆಯ ಎಳೆದಾಡುವ ಜರ್ಮನ್. ಅದೇಕೋ ನನ್ನ ತಲೆಯಲ್ಲಿ ಮಾತ್ರ ನಮ್ಮ ಒಂಟಿಕೊಪ್ಪಲಿನ ಅಜ್ಜಿಯರ ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ನಿಮಗೂ ಹೇಳುತ್ತಿದ್ದೇನೆ.

ಭಾನುವಾರ ಇಲ್ಲಿ ವ್ಯಾಕ್ಯೂಮ್ ಹಾಕುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ಅಂಗಡಿಯೂ ತೆರೆದಿರುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಪೆಚ್ಚಾಗಿ ನಿಂತಿದ್ದನ್ನು ಕಂಡು, "ಮೂರು ಗಂಟೆಗೆ ಆಟ ಇದೆ, ಛತ್ರಿ ತಗೊಂಡು ಬಾ" ಎಂದು ಕರೆದರು. ಹೋದೆ. ಕ್ರೀಡಾಂಗಣ ಎಂದು ದೊಡ್ಡ ಮಾತಾಡಬೇಡಿ. ಒಂದು ಮೈದಾನ, ಸುತ್ತ ಸೊಂಟದೆತ್ತರದ ಕಬ್ಬಿಣದ ಕಂಬಿ, ಒಂದು ಕಡೆ ಸಾಸೇಜು ಸುಡುವ ಒಲೆ. ಫ್ರೌ ಐಸೆಲೆಯ ಜಾಗ ಸರಿಯಾಗಿ ಆ ಹೊಗೆ ಬರುವ ದಿಕ್ಕಿನಲ್ಲಿತ್ತು. ಜಾಗ ಬದಲಾಯಿಸೋಣವೇ ಎಂದದ್ದಕ್ಕೆ, ನಾನು ಮನೆ ಮಾರೋಣ ಎಂದೆನೇನೋ ಎಂಬಂತೆ ನೋಡಿದರು.

ಆಟಗಾರರೆಲ್ಲ ಬಡಾವಣೆಯವರೇ. ಒಬ್ಬ ನಲ್ಲಿ ರಿಪೇರಿಯವನು, ಒಬ್ಬ ಶಾಲೆಯ ಮೇಷ್ಟ್ರು. ಗೋಲ್‌ಕೀಪರ್ ಮಾರ್ಕುಸ್ ಮೂಲೆಯ ಬೇಕರಿಯವನು, ನಾನು ದಿನಾ ಬೆಳಿಗ್ಗೆ ಬ್ರೆಡ್ಡು ತರುತ್ತಿದ್ದದ್ದು ಅವನ ಕೈಯಿಂದಲೇ. ಆಟ ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಹನ್ನೊಂದು ಜನವೂ ನಮ್ಮ ಕಂಬಿಯ ಹತ್ತಿರ ಬಂದು ಚಪ್ಪಾಳೆ ತಟ್ಟುತ್ತಿದ್ದರು, ನಾವೂ ತಟ್ಟುತ್ತಿದ್ದೆವು. ಆಗ ಫ್ರೌ ಐಸೆಲೆ ತಮ್ಮ ಛತ್ರಿಯ ತುದಿಯಿಂದ ಕೊನೆಯವರೆಗೆ ಉಳಿದವರನ್ನು ಒಬ್ಬೊಬ್ಬರಾಗಿ ಎಣಿಸಿ, ಮಾರ್ಕುಸನಿಗೆ ಗಟ್ಟಿಯಾಗಿ ಆ ಸಂಖ್ಯೆ ಹೇಳುತ್ತಿದ್ದರು. "ಇಪ್ಪತ್ತೆರಡು." ಅವನು ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಅಷ್ಟೇ. ಎಷ್ಟೋ ವರ್ಷಗಳ ಪದ್ಧತಿಯಂತೆ. ಮುದುಕಿಯ ಚಟ ಎಂದುಕೊಂಡೆ ನಾನು.

ಇಲ್ಲಿ ನಿಮಗೆ ನಮ್ಮ ತಂದೆಯ ಸ್ಕೂಟರಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೈಸೂರಿನಲ್ಲಿ ನಾವು ಸಿನಿಮಾಕ್ಕೆ ಹೋದರೆ ಕೊನೆಯ ಹತ್ತು ನಿಮಿಷ ಎಂದೂ ನೋಡಿದ್ದಿಲ್ಲ. ಖಳನಾಯಕ ಗೋಡೌನಿಗೆ ಎಲ್ಲರನ್ನೂ ಎಳೆತಂದು ಕಟ್ಟಿಹಾಕಿದ ಕೂಡಲೇ ಅಪ್ಪ ಎದ್ದುಬಿಡುತ್ತಿದ್ದರು. "ಏಳಿ ಏಳಿ, ಸ್ಟ್ಯಾಂಡಲ್ಲಿ ಗಾಡಿ ಸಿಕ್ಕಾಕೊಂಡ್ರೆ ಕಷ್ಟ." ಅಮ್ಮ ಹಿಂದಿನ ಸೀಟಿನಿಂದ, "ಅಲ್ಲಾ, ಕೊನೆಗೆ ಅವಳ್ನ ಮದ್ವೆ ಆದ್ನೋ ಇಲ್ವೋ?" ಎಂದು ಕೇಳುತ್ತಿದ್ದಳು. "ಆಗ್ದೆ ಎಲ್ ಹೋಗ್ತಾನೆ? ನಮ್ ಗಾಡಿ ಈಚೆ ಬಂತಲ್ಲ, ಅದನ್ ನೋಡು" ಎನ್ನುವರು ಅಪ್ಪ. ಸಿನಿಮಾ ಒಂದೇ ಅಲ್ಲ. ನಾಟಕ, ಸಂಗೀತ ಕಛೇರಿ, ಶಾಲೆಯ ವಾರ್ಷಿಕೋತ್ಸವ, ಎಲ್ಲದರಲ್ಲೂ ಮಂಗಳಕ್ಕೆ ಮೊದಲೇ ನಮ್ಮ ಸಂಸಾರ ಗೇಟಿನ ಹತ್ತಿರ. ಟಿವಿಯಲ್ಲಿ ಕ್ರಿಕೆಟ್ಟು ನೋಡುವಾಗಲೂ ಐದನೇ ವಿಕೆಟ್ಟಿಗೆ ಅಪ್ಪ ಟಿವಿ ಆರಿಸಿ ತರಕಾರಿಗೆ ಹೊರಡುತ್ತಿದ್ದರು. ಮುಗಿಯುವ ಮೊದಲು ಎದ್ದುಬರುವುದು ಜಾಣತನ ಎಂದು ನಾನು ಬೆಳೆದದ್ದು ಹೀಗೆ.

ಆ ವರ್ಷದ ನವೆಂಬರಿನ ಒಂದು ಭಾನುವಾರ. ಫ್ರೌ ಐಸೆಲೆಯ ಪಕ್ಕದಲ್ಲಿ ನಿಲ್ಲುವುದು ನನಗೆ ರೂಢಿಯಾಗಿತ್ತು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ ಒಯ್ಯುತ್ತಿದ್ದೆ. ಆ ದಿನ ನಮ್ಮವರಿಗೆ ಐದು ಗೋಲು ಬಿದ್ದಿತ್ತು, ನಾವು ಹೊಡೆದದ್ದು ಸೊನ್ನೆ. ಇನ್ನು ಹತ್ತು ನಿಮಿಷ ಇತ್ತು. ನಾನು ಡಬ್ಬಿ ಮುಚ್ಚಿ, ಚೀಲ ಹೆಗಲಿಗೇರಿಸಿ, "ಬರ್ತೀನಿ" ಎಂದು ಹೊರಟುಬಿಟ್ಟೆ. ಗೇಟು ದಾಟಿ ರಸ್ತೆಗೆ ಬಂದ ಮೇಲೆ ನಿಂತೆ. ತೆಗೆಯಬೇಕಾದ ಸ್ಕೂಟರಿಲ್ಲ. ಹಿಡಿಯಬೇಕಾದ ರೈಲಿಲ್ಲ. ಮನೆ ಎದುರಿಗೇ ಇದೆ. ಮೂವತ್ತು ಜನರ ನೂಕುನುಗ್ಗಲು ತಪ್ಪಿಸಿಕೊಳ್ಳಲು ನಾನು ಆಟ ಬಿಟ್ಟು ಬಂದಿದ್ದೆ. ನನಗೇ ನಗು ಬಂತು. ಆದರೆ ವಾಪಸು ಹೋಗಲಿಲ್ಲ ನೋಡಿ, ಮನೆಗೆ ಹೋಗಿ ಅನ್ನಕ್ಕಿಟ್ಟೆ.

ಮಾರನೆಯ ಬೆಳಿಗ್ಗೆ ಬೇಕರಿಯಲ್ಲಿ ಮಾರ್ಕುಸ್ ಬ್ರೆಡ್ಡು ಕಟ್ಟಿಕೊಟ್ಟ. ಹೊರಡುವಾಗ ಕಾಗದದ ಚೀಲ ಮಡಿಸುತ್ತ, "ನೀವು ಹೋಗೋದನ್ನ ನೋಡಿದೆ" ಎಂದ. ಸಿಟ್ಟಿಲ್ಲ, ಕೊಂಕೂ ಇಲ್ಲ. ಅದಕ್ಕೇ ಹೆಚ್ಚು ನೋಯಿತು. ಐದು ಗೋಲು ತಿಂದು ಗೋಲಿನ ಬಾಯಲ್ಲಿ ಒಬ್ಬನೇ ನಿಂತವನಿಗೆ ನೋಡಲು ಬೇರೆ ಏನಿರುತ್ತದೆ? ಎದುರಿಗೆ ಕಂಬಿ, ಕಂಬಿಯಿಂದ ಕಳಚಿಕೊಂಡು ಹೊರಟ ನನ್ನ ಬೆನ್ನು.

ಫ್ರೌ ಐಸೆಲೆ ಮೆಟ್ಟಿಲ ಮೇಲೆ ಸಿಕ್ಕರು.

"ನೆನ್ನೆ ಏಳು ಜನ. ಎಂಟಾಗ್ಬೇಕಿತ್ತು" ಎಂದರು.

"ಐದು ಗೋಲು ಬಿದ್ದಿತ್ತಲ್ಲ. ನಾನಿದ್ದು ಏನ್ ಮಾಡ್ಬೇಕಿತ್ತು?" ಎಂದೆ. ತಪ್ಪು ಮಾಡಿದವರಿಗೆ ಬಾಯಿ ಜೋರು.

"ಏನೂ ಮಾಡ್ಬೇಕಿರ್ಲಿಲ್ಲ. ಹುಡುಗರು ತಲೆ ಎತ್ತಿ ನೋಡಿದಾಗ ಅಲ್ಲಿರ್ಬೇಕಿತ್ತು."

ಇಷ್ಟು ಹೇಳಿ ಒಳಗೆ ಹೋದರು. ನಾನು ಎಂಜಿನಿಯರು, ಲೆಕ್ಕದಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಆದರೆ ಒಂದು ಲೆಕ್ಕದಿಂದ ನನ್ನನ್ನು ಬಿಟ್ಟಿದ್ದಾರೆ ಎಂಬುದು ಅನ್ನ ತಿನ್ನುವಾಗಲೂ ತಲೆಯಿಂದ ಇಳಿಯಲಿಲ್ಲ. ಪರದೇಶದಲ್ಲಿ ನನ್ನ ಹೆಸರು ಎಷ್ಟೋ ಕಾಗದಗಳಲ್ಲಿ ಬರೆದಿದೆ, ವೀಸಾ, ವಿಮೆ, ಬಾಡಿಗೆ ಕರಾರು. ಆದರೆ ನಾನಿಲ್ಲದಾಗ ಒಂದು ಕಡಿಮೆಯಾಯಿತು ಎಂದು ನನ್ನನ್ನು ಹುಡುಕಿದ್ದು ಆ ಛತ್ರಿಯ ತುದಿ ಒಂದೇ.

ಮುಂದಿನ ಭಾನುವಾರ ಮಳೆ. ಎಲ್ಲರಿಗಿಂತ ಮೊದಲು ಹೋಗಿ ಹೊಗೆಯ ದಿಕ್ಕಿಗೆ ನಿಂತೆ. ಅಂದೂ ಸೋತೆವು. ಅದರಾಚೆಯ ವಾರವೂ ಸೋತೆವು. ಸೀಟಿ ಊದುವವರೆಗೆ ಕಾಲು ಕದಲಿಸಲಿಲ್ಲ. ಕಾಲಿಗೆ ಮಾತ್ರ ಅಪ್ಪನ ಅಭ್ಯಾಸ, ಎಂಬತ್ತನೇ ನಿಮಿಷಕ್ಕೆ ತಾನಾಗಿ ಗೇಟಿನ ಕಡೆ ತಿರುಗುತ್ತಿತ್ತು. ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಲ್ಲುತ್ತಿದ್ದೆ. ಅದನ್ನು ಗಮನಿಸಿದ ಫ್ರೌ ಐಸೆಲೆ ಒಂದು ದಿನ ತಮ್ಮ ಕೈಗವಸು ಕೊಟ್ಟರು.

ಋತುವಿನ ಕೊನೆಯ ಆಟ ಜೂನಿನಲ್ಲಿ. ಸಮ ಮಾಡಿಕೊಂಡಿದ್ದರೂ ಸಾಕಿತ್ತು, ಸೋತರೆ ಕೆಳಗಿನ ದರ್ಜೆಗೆ. ಇರುವುದೇ ತಳದಲ್ಲಿ, ಅದಕ್ಕೂ ಕೆಳಗೆ ಒಂದು ದರ್ಜೆ ಇದೆ ಎಂದು ನನಗೆ ಗೊತ್ತಾದದ್ದೇ ಅಂದು. ಸೋತೆವು. ನಲ್ಲಿ ರಿಪೇರಿಯವನು ಹುಲ್ಲಿನ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಆದರೂ ಎದ್ದು ಬಂದರು, ಹನ್ನೊಂದು ಜನವೂ. ನಾವು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆವು. ಛತ್ರಿಯ ತುದಿ ಸಾಲಿನ ಮೇಲೆ ಓಡಿತು, ನನ್ನ ಮೇಲೆ ಬಂತು. "ನಲವತ್ತೊಂದು" ಎಂದರು ಫ್ರೌ ಐಸೆಲೆ. ಬಂದವರಲ್ಲಿ ಒಬ್ಬರೂ ಹೋಗಿರಲಿಲ್ಲ. ಮಾರ್ಕುಸ್ ನನ್ನ ಕಡೆ ನೋಡಿ ತಲೆಯಾಡಿಸಿದ. ಮಾರನೆಯ ದಿನ ನಮ್ಮ ಬಾಗಿಲ ಹಿಡಿಗೆ ಕೆಳಗಿನ ಮನೆಯಿಂದ ಬಂದ ಕೇರ್‌ವೋಖೆಯ ಫಲಕದ ಜೊತೆ ಈ ಸ್ಕಾರ್ಫು ನೇತಾಡುತ್ತಿತ್ತು. ನನ್ನ ಬದುಕಿನಲ್ಲಿ ಪದವಿ ಬಂದಿದೆ, ಬಡ್ತಿ ಬಂದಿದೆ, ಕಾರ್ಖಾನೆಯವರು ಕೊಟ್ಟ ಗಾಜಿನ ಸ್ಮರಣಿಕೆಯೂ ಇದೆ. ಇಷ್ಟು ಹೆಮ್ಮೆ ಯಾವುದಕ್ಕೂ ಆಗಿಲ್ಲ. ಅಪ್ಪನಿಗೆ ಫೋನು ಮಾಡಿ ಹೇಳಿದೆ. "ಸೋತಿದ್ದಕ್ಕೆ ಬಹುಮಾನವೇನಮ್ಮಾ?" ಎಂದರು.

ಎರಡು ವರ್ಷದ ಹಿಂದೆ ಫ್ರೌ ಐಸೆಲೆಗೆ ಮಂಡಿ ಕೈಕೊಟ್ಟಿತು. ಡ್ಯೂಸೆಲ್ಡಾರ್ಫಿನಲ್ಲಿ ಮಗಳ ಮನೆಯ ಹತ್ತಿರ ಲಿಫ್ಟಿರುವ ಮನೆ ಸಿಕ್ಕಿತು, ಹೋದರು. ಹೋಗುವಾಗ ನನಗೆ ಕೊಟ್ಟದ್ದು ಛತ್ರಿ. ಭಾನುವಾರ ಐದು ಗಂಟೆಗೆ ತಪ್ಪದೆ ಫೋನು ಮಾಡುತ್ತಾರೆ. ಸ್ಕೋರು ಕೇಳುವುದಿಲ್ಲ. "ಎಷ್ಟು ಜನ?" ಎಂದೇ ಮೊದಲ ಮಾತು.

ಕೋಡುಬಳೆ ಮುರಿದ ಅಭಿಷೇಕನಿಗೆ ನಾನು ಇದೊಂದನ್ನೂ ಹೇಳಲಿಲ್ಲ. "ಭಾನುವಾರ ಬಂದು ನೋಡು" ಎಂದೆ ಅಷ್ಟೇ. ಬಂದ, ತನ್ನ ದೊಡ್ಡ ತಂಡದ ಜೆರ್ಸಿ ಹಾಕಿಕೊಂಡೇ. ಚಳಿ ಗಾಳಿ, ನಮಗೆ ನಾಲ್ಕು ಗೋಲು ಬಿದ್ದಿತ್ತು, ಜನ ಕರಗುತ್ತಿದ್ದರು. ಎಂಬತ್ತನೇ ನಿಮಿಷಕ್ಕೆ ಅವನು ಮೊಬೈಲು ನೋಡಿ, "ಅಕ್ಕಾ, ಹೊರಡೋಣ್ವಾ? ಈಗ ಹೊರಟ್ರೆ ಎಸ್-ಬಾನ್ ಸಿಗುತ್ತೆ" ಎಂದ. ಸ್ಕೂಟರಿನ ಕೀಲಿ ಹಿಡಿದ ನಮ್ಮಪ್ಪನೇ ಪಕ್ಕದಲ್ಲಿ ನಿಂತಂತಾಯಿತು.

"ನೀನು ಹೋಗಪ್ಪ. ಅದೋ, ಆ ಗೋಲ್‌ಕೀಪರ್ ನೋಡ್ತಾ ಇದಾನೆ, ನಾನು ಬರಕ್ಕಾಗಲ್ಲ."

ಅವನು ಗೋಲಿನ ಕಡೆ ನೋಡಿದ. ತಲೆ ನರೆಯತೊಡಗಿದ ಮಾರ್ಕುಸ್ ಬಲೆಯಿಂದ ಚೆಂಡು ತೆಗೆಯುತ್ತ ನಿಜವಾಗಿಯೂ ನಮ್ಮ ಕಡೆಯೇ ನೋಡುತ್ತಿದ್ದ. ಅಭಿಷೇಕ ಮೊಬೈಲನ್ನು ಜೇಬಿಗೆ ಹಾಕಿದ. "ಮುಂದಿನ ಟ್ರೈನು ಅರ್ಧ ಗಂಟೆಗಿದೆ ಬಿಡಿ" ಎಂದು ಕಂಬಿ ಹಿಡಿದುಕೊಂಡ.

ಸೀಟಿ ಕೇಳಿಸಿತು. ಅವರು ಬಂದರು, ನಾವು ತಟ್ಟಿದೆವು. ನಾನು ಛತ್ರಿಯ ತುದಿಯನ್ನು ಸಾಲಿನ ಮೇಲೆ ಓಡಿಸಿ, ಕೊನೆಗೆ ಅಭಿಷೇಕನ ಮೇಲೆ ನಿಲ್ಲಿಸಿ, "ಹನ್ನೊಂದು" ಎಂದೆ. ಅವನಿಗೆ ಏನೂ ತಿಳಿಯಲಿಲ್ಲ. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡ.

ಐದು ಗಂಟೆಗೆ ಫೋನು ಬಂತು.

"ಎಷ್ಟು ಜನ?"

"ಹನ್ನೊಂದು. ಒಬ್ಬ ಹೊಸಬ."

ಆಮೇಲೆ ಅವರು ಎಂದೂ ಕೇಳದ್ದನ್ನು ಕೇಳಿದರು. "ನನ್ನ ಸೇರಿಸ್ಕೊಂಡ್ಯಾ?"

ಕಾರಣವನ್ನೂ ಅವರೇ ಹೇಳಿದರು. ಕ್ಲಬ್ಬಿನವರು ಒಂದೊಂದು ಗೋಲನ್ನೂ ಮೊಬೈಲಿನಲ್ಲಿ ಹಾಕುತ್ತಾರಂತೆ. ಮೂರು ಗಂಟೆಯಿಂದ ಕೋಟು ಹಾಕಿಕೊಂಡು ಕಿಟಕಿಯ ಹತ್ತಿರ ಅದನ್ನೇ ನೋಡುತ್ತ ಕೂತಿದ್ದರಂತೆ. ನಾಲ್ಕನೇ ಗೋಲಿಗೆ ಮಗಳು ಕೇಕು ತಿನ್ನಲು ಕರೆದಳಂತೆ.

"ಏಳಲಿಲ್ಲ ನಾನು" ಎಂದರು ಫ್ರೌ ಐಸೆಲೆ.

"ಹಾಗಾದ್ರೆ ಹನ್ನೆರಡು" ಎಂದೆ.

"ಹನ್ನೆರಡು" ಎಂದು ತಾವೂ ಒಮ್ಮೆ ಹೇಳಿ ಫೋನಿಟ್ಟರು. ನಾನು ಸ್ಕಾರ್ಫನ್ನು ಗೂಟಕ್ಕೆ ಹಾಕಿ, ಮತ್ತೆ ಕೋಟು ತೊಟ್ಟು ಮೈದಾನಕ್ಕೆ ನಡೆದೆ. ಮಾರ್ಕುಸ್ ಇನ್ನೂ ಬಲೆ ಬಿಚ್ಚುತ್ತಿದ್ದ. ಅವನಿಗೆ ಸರಿಯಾದ ಲೆಕ್ಕ ಹೇಳಬೇಕಿತ್ತು.