ಕರುಗಲ್ಲು ಕೇಳಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಕೊಬ್ಬರಿಕಾಯಿಯನ್ನು ಮಾತ್ರವಲ್ಲ, ಮನುಷ್ಯರನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಪೈಕಿ. ಅಟ್ಟದ ಮೇಲಿನ ಕಾಯಿ ಒಳಗೆ ಗಡಗಡ ಎಂದರೆ ಒಣಗಿದೆ ಎಂದು ಒಪ್ಪುತ್ತಿದ್ದರು. ಮನುಷ್ಯರ ವಿಷಯದಲ್ಲಿ ಅದೂ ಸಾಲುತ್ತಿರಲಿಲ್ಲ. ಕಂಡಕ್ಟರ್ ‘ತುರುವೇಕೆರೆ’ ಎಂದು ಕೂಗಿದರೂ ಯಾರಿಂದಲಾದರೂ ಬೋರ್ಡು ಓದಿಸಿಕೊಂಡೇ ಬಸ್ಸು ಹತ್ತುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದಾಗ, ಸ್ಕಾಟ್ಲೆಂಡಿನ ಸಣ್ಣ ಊರೊಂದರ ಮಾರ್ಗರೆಟ್ ಎಂಬ ಹುಡುಗಿ ನನಗೆ ಪೆನ್‌ಫ್ರೆಂಡ್ ಆದಳು. ಅವಳ ಮೂರನೇ ಕಾಗದ ದೊಡ್ಡಪ್ಪನ ಕೈಗೆ ಸಿಕ್ಕಿತು. ಯಾರಿಂದಲೋ ಓದಿಸಿಕೊಂಡು, ನಮ್ಮ ಹುಡುಗಿಗೆ ಹುಡುಗಿಯ ಹೆಸರಿನಲ್ಲಿ ಯಾವನೋ ಬರೆಯುತ್ತಿದ್ದಾನೆ, ಅಂಥ ಊರೇ ಇಲ್ಲ, ಇನ್ನು ಕಾಗದ ಬೇಡ ಎಂದರು. ಮನೆಯಲ್ಲಿ ಅವರ ಮಾತೇ ಮಾತು. ನಾನು ಎರಡು ದಿನ ಅತ್ತ ಮೇಲೆ ಒಂದು ಪರೀಕ್ಷೆ ಇಟ್ಟರು.

“ಊರು ಕಟ್ಟೋವಾಗ ಕರುಗಲ್ಲು ಎಲ್ಲಿ ನೆಟ್ರು, ಕೇಳು. ಕಲ್ಲಿಲ್ದಿದ್ರೆ ಅದು ಊರಲ್ಲ, ಅವಳೂ ಇಲ್ಲ ಕಣವ್ವ.”

ದಬ್ಬೇಘಟ್ಟದ ಕಡೆಯ ನಮ್ಮೂರಿನ ನಡುವೆ ಅಂಥದೊಂದು ಕಲ್ಲಿದೆ. ಮೊದಲು ಅದನ್ನು ನೆಟ್ಟು, ಪೂಜೆ ಮಾಡಿ, ಆಮೇಲೆ ಮನೆಗಳನ್ನು ಕಟ್ಟಿದರು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದೆಲ್ಲಿಂದ ಬರಬೇಕು? ಕಥೆ ಮುಗಿಯಿತು ಅಂದುಕೊಂಡೇ ಬರೆದೆ.

ಎರಡು ತಿಂಗಳಿಗೆ ಉತ್ತರ ಬಂತು, ಜೊತೆಗೊಂದು ಫೋಟೋ. ಹೊಳೆ ಸಮುದ್ರ ಸೇರುವಲ್ಲಿ ಮೀನು ಹಿಡಿಯುವವರ ನಾಲ್ಕಾರು ಮನೆಗಳಿದ್ದವಂತೆ. ರಾಜ ಸಂತೆಗೆ ಅಪ್ಪಣೆ ಕೊಟ್ಟಾಗ ಒಂದು ಕಲ್ಲುಕಂಬ ನೆಟ್ಟರಂತೆ. ಊರು ಅದರ ಸುತ್ತ ಬೆಳೆಯಿತಂತೆ. ತಮ್ಮ ಜನ ಬೇರೆ ಕಡೆಯಿಂದ ಬಂದು ಮೂವತ್ತು ವರ್ಷ ಬಾಳಿದವರನ್ನೂ ಹೊರಗಿನವರೆಂದೇ ನೋಡುತ್ತಾರೆ, ಪಕ್ಕದೂರಿನ ಮೀನನ್ನು ಮೂಸದೆ ಕೊಳ್ಳುವುದಿಲ್ಲ ಎಂದೂ ಬರೆದಿದ್ದಳು. ಓದಿ ಹೇಳಿದೆ. ದೊಡ್ಡಪ್ಪನ ಮುಖ ಅರಳಿತು.

“ಹಂಗಾದ್ರೆ ಅದು ಊರೇ ಕಣವ್ವ.”

ಆದರೂ ಫೋಟೋವನ್ನು ಬೆಳಕಿಗೆ ಹಿಡಿದು, ಕಲ್ಲಿಗೆ ಕುಂಕುಮ ಯಾಕಿಲ್ಲ ಎಂದು ತಕರಾರು ತೆಗೆದರು. ಪಾಪ, ಕೇಳುವವರಿಲ್ಲದ ಕಲ್ಲು ಎಂದು ತಾವೇ ಒಂದು ಚಿಟಿಕೆ ಕುಂಕುಮ ಪೊಟ್ಟಣ ಕಟ್ಟಿ ಲಕೋಟೆಗೆ ಹಾಕಿಸಿದರು. ಮಾರ್ಗರೆಟ್ ಅದನ್ನು ಹಚ್ಚಿಯೂ ಹಚ್ಚಿದಳು. ಮರುದಿನವೇ ಊರಿನ ಹಿರಿಯರು, ಇದು ಯಾರ ಕಿತಾಪತಿ ಎಂದು ಮನೆಮನೆ ವಿಚಾರಿಸುತ್ತಾ, ಬ್ರಷ್ಷಿನಲ್ಲಿ ಉಜ್ಜಿ ತೊಳೆಸಿದರಂತೆ.

ಇದನ್ನೆಲ್ಲ ಬರೆದ ಅವಳ ಕಾಗದ ಬರುವ ಹೊತ್ತಿಗೆ ದೊಡ್ಡಪ್ಪ ತಿಪಟೂರಿನ ಆಸ್ಪತ್ರೆಯಲ್ಲಿದ್ದರು. ಕುಂಕುಮ ಇದೆಯಾ ಎಂದು ಕೇಳಿದರು. ಕಾಗದವನ್ನು ಮಡಿಚಿ ಕೈಯಲ್ಲೇ ಇಟ್ಟುಕೊಂಡೆ. ಹಾಗೇ ಇದೆ ಎಂದೆ. ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಕಾಗದ ಕೊಡು, ಬೇರೆಯವರ ಹತ್ತಿರ ಓದಿಸುತ್ತೇನೆ ಎನ್ನುತ್ತಾರೆಂದು ಕಾದೆ.

“ಬುಡು. ಬರೀತಿರು,” ಎಂದು ಮಗ್ಗುಲಾದರು.

ಆ ವಾರವೇ ಹೋಗಿಬಿಟ್ಟರು. ನನ್ನ ಮಾತನ್ನು ಅವರು ನಂಬಿರಲಿಲ್ಲ, ಅದು ನನಗೆ ಗೊತ್ತು. ಜೀವಮಾನದಲ್ಲಿ ಅವರು ಅಲ್ಲಾಡಿಸಿ ನೋಡದೆ ಒಪ್ಪಿಕೊಂಡದ್ದು ನನ್ನ ಆ ಒಂದು ಸುಳ್ಳನ್ನು.