ಓದಿ ಕಲಿತ ವೈರಾಗ್ಯ

ನನ್ನ ತಂಗಿ ತೀರಿಕೊಂಡಾಗ ನಾನು ಅಳಲಿಲ್ಲ. ಡೆಂಗಿ ಜ್ವರ ಅಂತ ಸೋಮವಾರ ಆಸ್ಪತ್ರೆಗೆ ಸೇರಿಸಿದ್ದೆ, ಶುಕ್ರವಾರ ಬೆಳಗ್ಗೆ ಹೋದಳು. ಅವಳಿಗೆ ನಲವತ್ತೇಳು, ನನಗೆ ಐವತ್ತೊಂದು. ಇಬ್ಬರೂ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಬಂದ ಸಂಬಂಧಗಳು ಒಂದೊಂದಾಗಿ ತಪ್ಪಿದವು, ಆಮೇಲೆ ಬರುವುದೇ ನಿಂತಿತು. ದಾವಣಗೆರೆಯ ವಿನೋಬನಗರದಲ್ಲಿ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತು ವರ್ಷ ಒಟ್ಟಿಗೆ ಇದ್ದೆವು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅವಳು ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು.

ಮಣ್ಣು ಮಾಡಿ ಬಂದ ದಿನ ನಮ್ಮ ಸೋದರತ್ತೆ ಅಡುಗೆಮನೆಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಇವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಎಂಥ ಎದೆಯೋ ಏನೋ ಎಂದರು. ನನಗೆ ಬೇಜಾರಾಗಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು. ಬಂದವರಿಗೆಲ್ಲ ನಾನೇ ಚಹಾ ಕೊಟ್ಟೆ, ಲೋಟ ತೊಳೆದೆ. ಶಿವಗಣಾರಾಧನೆ ಮುಗಿದ ಮರುದಿನವೇ ಶಾಲೆಗೆ ಹೋಗಿ ಹತ್ತನೆಯ ತರಗತಿಗೆ ತ್ರಿಕೋನಮಿತಿ ಶುರು ಮಾಡಿದೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಊಟಕ್ಕೆ ಮಾತ್ರ ರುಚಿ ಇರಲಿಲ್ಲ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತು ಎರಡು ಹೊತ್ತು ಅದನ್ನೇ ಉಂಡೆ. ಮೂರನೆಯ ಹೊತ್ತಿಗೆ ಪಕ್ಕದ ಮನೆಯವಳು ಒಂದು ಬಟ್ಟಲು ಸಾರು ತಗೊಂಡು ಹೋಗಿ ಬಂದು ಹೇಳಿದ ಮೇಲೆ ಗೊತ್ತಾಯಿತು.

ಈ ಪಕ್ಕದ ಮನೆಯವಳ ಬಗ್ಗೆ ಹೇಳಬೇಕು. ಮುಸ್ಲಿಮರ ಹೆಣ್ಣುಮಗಳು, ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ನನ್ನ ತಂಗಿಯ ಹತ್ತಿರ ಹೊಲಿಗೆ ಕಲಿತವಳು. ತಂಗಿಯನ್ನು ಸಣ್ಣಕ್ಕ, ನನ್ನನ್ನು ದೊಡ್ಡಕ್ಕ ಎನ್ನುತ್ತಾಳೆ. ಸಾವಿನ ದಿನ ನಮ್ಮ ಹೊಸಿಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತವಳು ಅವಳು. ಬಂದ ನೆಂಟರಲ್ಲಿ ಕೆಲವರು ಅವಳನ್ನೇ ಮನೆಯವಳು ಎಂದುಕೊಂಡು ಸಮಾಧಾನ ಮಾಡಿದರು.

ನಮ್ಮ ಶಾಲೆಯ ವಿಜ್ಞಾನದ ಟೀಚರ್ ನನ್ನನ್ನು ಯೋಗ ತರಗತಿಗೆ ಸೇರಿಸಿದರು. ಎಸ್.ಎಸ್. ಬಡಾವಣೆಯ ಒಂದು ಸಮುದಾಯ ಭವನದಲ್ಲಿ ಬೆಳಗ್ಗೆ ಆರಕ್ಕೆ. ಕಲಿಸುವವರು ನಿವೃತ್ತ ಪಿ.ಟಿ. ಮೇಷ್ಟ್ರು, ಎಪ್ಪತ್ತು ದಾಟಿದವರು. ದಿನಾ ಹರಿಹರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು, ಹೆಗಲಿಗೆ ಒಂದು ಬಟ್ಟೆ ಚೀಲ. ಮಾತು ಕಡಿಮೆ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಬಂದು ಪಕ್ಕದಲ್ಲಿ ನಿಂತುಕೊಳ್ಳುತ್ತಿದ್ದರು. ಅವರು ನಿಂತರೆ ಸಾಕು, ಎಲ್ಲರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ತಿಂಗಳು ಕಳೆದ ಮೇಲೆ ಅವರ ಹತ್ತಿರ ಹೋಗಿ, ಏನಾದರೂ ಓದಬೇಕು, ಪುಸ್ತಕ ಹೇಳಿ ಎಂದು ಕೇಳಿದೆ. ಪಠ್ಯಪುಸ್ತಕವಿಲ್ಲದ ವಿಷಯವನ್ನು ನಾನು ಯಾವತ್ತೂ ಕಲಿತವಳಲ್ಲ. ಅಲ್ಲದೆ ಸಂಜೆಗಳು ಉದ್ದವಾಗಿದ್ದವು. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಹಾಜರಿ ಪುಸ್ತಕದ ಕೊನೆಯ ಹಾಳೆ ಹರಿದು, ತೊಡೆಯ ಮೇಲಿಟ್ಟುಕೊಂಡು ಬರೆದುಕೊಟ್ಟರು. ಮೊದಲನೆಯದು ಆಸನಗಳ ದಪ್ಪ ಪುಸ್ತಕ, ತುಂಬ ಫೋಟೋ ಇರುವಂಥದ್ದು. ಅದನ್ನು ಮಾಡಿ ಕಲಿತ ಮೇಲೆ ನೋಡಬೇಕೇ ಹೊರತು ನೋಡಿಕೊಂಡು ಮಾಡಬಾರದು ಎಂದರು. ಎರಡನೆಯದು ಉಸಿರಾಟದ್ದು. ಅದರ ಮುಂದೆ ‘ಓದಲು ಮಾತ್ರ’ ಎಂದು ಬರೆದು ಅಡಿಗೆರೆ ಎಳೆದರು. ಪುಸ್ತಕ ಎದುರಿಗಿಟ್ಟುಕೊಂಡು ಉಸಿರು ಕಟ್ಟಿ ತಲೆ ತಿರುಗಿ ಬಿದ್ದವರನ್ನು ಅವರು ಕಂಡಿದ್ದರಂತೆ. ಆಮೇಲಿನದು ಹಳೆಯ ಯೋಗಸೂತ್ರಗಳಿಗೆ ಕನ್ನಡದಲ್ಲಿ ಬರೆದ ಅರ್ಥ, ಅಂಗೈಯಗಲದ ತೆಳ್ಳನೆಯ ಪುಸ್ತಕ. ವಾರಕ್ಕೆ ಒಂದೇ ಸೂತ್ರ ಓದಬೇಕು. ನಾಲ್ಕನೆಯದು ಮನೆ, ಕೆಲಸ ಎಲ್ಲ ಇಟ್ಟುಕೊಂಡೇ ಯಮ ನಿಯಮಗಳನ್ನು ಪಾಲಿಸುವುದು ಹೇಗೆ ಎಂಬುದರ ಬಗ್ಗೆ. ಅದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ತಮ್ಮ ಪ್ರತಿಯನ್ನೇ ತಂದುಕೊಡುತ್ತೇನೆ ಎಂದರು. ಕೊನೆಯ ಸಾಲಿನಲ್ಲಿ ‘ಮನೆಯಲ್ಲಿರುವ ವಚನದ ಪುಸ್ತಕ, ದಿನಕ್ಕೊಂದು, ಗಟ್ಟಿಯಾಗಿ’ ಎಂದಷ್ಟೇ ಇತ್ತು.

ಆ ಕೊನೆಯ ಸಾಲನ್ನು ಬಿಟ್ಟುಬಿಟ್ಟೆ. ವಚನಗಳನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವಳು, ಹೊಸದಾಗಿ ಓದುವುದೇನಿದೆ ಅನ್ನಿಸಿತು. ಉಳಿದ ನಾಲ್ಕನ್ನು ಐದು ವಾರದಲ್ಲಿ ಮುಗಿಸಿದೆ. ಸೂತ್ರಗಳನ್ನಂತೂ ಒಂಬತ್ತೇ ದಿನದಲ್ಲಿ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಟಿಪ್ಪಣಿ ಬರೆದೆ, ಕೆಂಪು ಪೆನ್ನಿನಲ್ಲಿ ವ್ಯಾಖ್ಯೆ, ನೀಲಿಯಲ್ಲಿ ಉದಾಹರಣೆ. ಹಾಗೆ ಓದುತ್ತ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ಸುಖ ಬಂದರೂ ದುಃಖ ಬಂದರೂ ಅಲುಗಾಡದವನು, ಯಾವುದಕ್ಕೂ ಅಂಟಿಕೊಳ್ಳದವನು ಎಂದು ಪುಸ್ತಕಗಳು ಯಾರನ್ನು ವರ್ಣಿಸುತ್ತಿದ್ದವೋ ಆ ಲಕ್ಷಣಗಳೆಲ್ಲ ನನ್ನಲ್ಲಿ ಇದ್ದವು. ಜನ ವರ್ಷಗಟ್ಟಲೆ ಕೂತು ಸಾಧಿಸುವ ಸ್ಥಿತಿ ನನಗೆ ತಾನಾಗಿ ಬಂದಿದೆ. ಇದನ್ನು ನಾನು ಹೆಮ್ಮೆಯಿಂದ ಅಂದುಕೊಂಡೆ ಎನ್ನಲಾರೆ. ಲೆಕ್ಕದ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ತಾಳೆಯಾದಾಗ ಪುಟ ತಿರುವುತ್ತೇವಲ್ಲ, ಅಷ್ಟೇ.

ಭಾನುವಾರ ತರಗತಿಯ ಕೊನೆಗೆ ಹತ್ತು ನಿಮಿಷ ಯಾರಾದರೂ ಓದಿದ್ದನ್ನು ಹೇಳುವ ಪದ್ಧತಿ ಇತ್ತು. ಮೂರು ಭಾನುವಾರ ನಾನೇ ಹೇಳಿದೆ. ಹೆಂಗಸರು ನನ್ನ ಸ್ಥಿತಿ ಗೊತ್ತಿದ್ದವರಾದ್ದರಿಂದ ಬಾಯಿ ತೆರೆದು ಕೇಳಿದರು. ಯೋಗದ ಸರ್ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮೂರನೆಯ ಭಾನುವಾರ ಅಪರಿಗ್ರಹದ ಬಗ್ಗೆ ಹೇಳಿದೆ, ಬೇಕಿಲ್ಲದ್ದನ್ನು ಕೂಡಿಟ್ಟುಕೊಳ್ಳಬಾರದು ಎಂಬ ನಿಯಮ. ಹೇಳಿ ಮನೆಗೆ ಬಂದವಳು ತಂಗಿಯ ಬೀರು ತೆಗೆದೆ. ಸೀರೆಗಳನ್ನು ಮೂರು ಗಂಟು ಕಟ್ಟಿ ಒಂದು ಅನಾಥಾಶ್ರಮಕ್ಕೆ ಆಟೋದಲ್ಲಿ ಕಳಿಸಿದೆ. ಕತ್ತರಿ, ಟೇಪು, ಗುಂಡಿಗಳ ಡಬ್ಬಿ ಎಲ್ಲ ಹೋದವು. ಹೊಲಿಗೆ ಮಷೀನನ್ನು ಪಕ್ಕದ ಮನೆಯವಳಿಗೆ ಕೊಟ್ಟೆ. ಅವಳು ಬ್ಯಾಡ ದೊಡ್ಡಕ್ಕ, ಇನ್ನೊಂದು ವರ್ಷ ಇರಲಿ, ಆಮೇಲೆ ನೋಡೋಣ ಎಂದು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಅವಳೂ ಅವಳ ಗಂಡನೂ ಮಷೀನನ್ನು ಎರಡು ಕಡೆ ಹಿಡಿದು ಬಾಗಿಲು ದಾಟಿಸಿದರು. ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಅದಾದ ಸ್ವಲ್ಪ ದಿನಕ್ಕೆ ಸರ್ ಬರುವುದು ನಿಂತಿತು. ಮಂಡಿ ಆಪರೇಷನ್ ಆಗಿದೆ, ಎರಡು ತಿಂಗಳು ಬರಲಾರರು ಎಂದು ಗೊತ್ತಾಯಿತು. ಅವರ ಪುಸ್ತಕ ನನ್ನ ಹತ್ತಿರವೇ ಇತ್ತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹರಿಹರದ ಬಸ್ಸು ಹತ್ತಿದೆ.

ಅವರ ಮನೆ ದೇವಸ್ಥಾನದ ಹಿಂದಿನ ಓಣಿಯಲ್ಲಿತ್ತು. ಸೊಸೆ ಬಾಗಿಲು ತೆಗೆದು ಒಳಗೆ ಕರೆದಳು. ಸರ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ತರಗತಿಯಲ್ಲಿ ಅಷ್ಟು ನೆಟ್ಟಗೆ ಕಾಣುತ್ತಿದ್ದವರು ಬನಿಯನ್ನಿನಲ್ಲಿ ಸಣ್ಣಗೆ ಕಂಡರು. ಪುಸ್ತಕ ಕೊಟ್ಟೆ. ನೋಟ್‌ಬುಕ್ಕನ್ನೂ ತೋರಿಸಿದೆ. ಒಂದಷ್ಟು ಪುಟ ತಿರುವಿ, ಅಕ್ಷರ ಚೆನ್ನಾಗಿದೆ ಎಂದರು. ಪುಸ್ತಕ ಓದಿ ಏನು ಮಾಡಿದಿರಿ ಎಂದು ಕೇಳಿದರು. ನಾನು ಬೀರು ಖಾಲಿ ಮಾಡಿದ್ದನ್ನೂ ಮಷೀನು ಕೊಟ್ಟಿದ್ದನ್ನೂ ಹೇಳಿದೆ. ಯಾವಾಗ ಎಂದರು. ತಂಗಿ ಹೋಗಿ ಮೂರೂವರೆ ತಿಂಗಳಾಗಿತ್ತು ಎಂದೆ.

“ಕೊಡೋವಾಗ ಏನನಿಸ್ತು?”

“ಏನೂ ಅನಿಸಲಿಲ್ಲ ಸರ್.”

“ಏನೂ?”

“ಏನೂ ಇಲ್ಲ.”

ಅವರು ನೋಟ್‌ಬುಕ್ಕನ್ನು ಮುಚ್ಚಿ ಪಕ್ಕಕ್ಕಿಟ್ಟರು. ಸೊಸೆ ತಂದಿಟ್ಟ ಚಹಾ ನನ್ನ ಕಡೆಗೆ ಸರಿಸಿದರು. ಆಮೇಲೆ ಹೇಳಿದರು: “ಟೀಚರಮ್ಮ, ವಜ್ರಾಸನದಾಗ ಬಾಳ ಹೊತ್ತು ಕೂತ್ರೆ ಕಾಲು ಜೋಮು ಹಿಡಿತೈತೆ. ಆಗ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ. ಅದಕ್ಕೆ ಸಹನೆ ಅಂತಾರೇನ್ರಿ?”

ನಾನು ಇಲ್ಲ ಎಂದೆ.

“ಬಿಡಬೇಕು ಅಂದ್ರೆ ಮೊದಲು ಕೈಯಾಗ ಹಿಡಕೊಂಡಿರಬೇಕು. ನೀವು ಹಿಡಕೊಂಡೇ ಇರಲಿಲ್ಲ. ಹಂಗೇ ಜಾರಿ ಹೋಗೈತೆ. ತಪ್ಪು ನಿಮ್ಮದಲ್ಲ, ನಂದು. ಪುಸ್ತಕ ಬೇಗ ಕೊಟ್ಟುಬಿಟ್ಟೆ.”

ಅವರ ಹೆಂಡತಿ ತೀರಿಕೊಂಡಿದ್ದನ್ನು ಅವತ್ತೇ ನನಗೆ ಹೇಳಿದ್ದು. ಐದನೆಯ ದಿನಕ್ಕೇ ತರಗತಿಗೆ ಬಂದು ನಿಂತಿದ್ದರಂತೆ. ಎಲ್ಲರೂ ಅವರನ್ನು ಯೋಗಿ ಎಂದು ಹೊಗಳಿದರಂತೆ, ಅವರೂ ನಂಬಿದರಂತೆ. ಎರಡು ವರ್ಷ ಆದಮೇಲೆ ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು ಮಂಡಕ್ಕಿ ಪೊಟ್ಟಣ ಬಿಚ್ಚಿ ಗಂಡನ ಕಡೆಗೆ ಚಾಚಿದ್ದನ್ನು ನೋಡಿ ಕೂತಲ್ಲಿಂದ ಏಳಲಾಗಲಿಲ್ಲವಂತೆ. ಮೂರು ಬಸ್ಸು ಬಿಟ್ಟರಂತೆ. ಇದನ್ನು ಅವರು ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು.

ಇನ್ನು ಏನು ಓದಲಿ ಎಂದು ಕೇಳಿದೆ. ಸದ್ಯಕ್ಕೆ ಏನೂ ಬೇಡ ಎಂದರು. ಆಸನ ಮಾತ್ರ ಬಿಡಬೇಡಿ, ಬರೆದಿದ್ದರಲ್ಲಿ ಒಂದನ್ನು ನೀವು ಮಾಡೇ ಇಲ್ಲ, ಅದನ್ನು ಮಾಡಿ ಎಂದರು. ನಾನು ಯಾವುದನ್ನು ಬಿಟ್ಟಿದ್ದೆ ಎಂದು ನೋಟ್‌ಬುಕ್ ನೋಡಿಯೇ ಅವರಿಗೆ ಗೊತ್ತಾಗಿತ್ತು.

ಹರಿಹರದಿಂದ ಬಂದ ಮೇಲೆ ಏನೂ ಬದಲಾಗಲಿಲ್ಲ. ಅವರ ಮಾತು ಅರ್ಥವಾಗಿತ್ತು, ಆದರೆ ಅರ್ಥವಾಗುವುದೂ ತಾಗುವುದೂ ಬೇರೆ ಬೇರೆ. ದಿನಾ ಬೆಳಗ್ಗೆ ಪೂಜೆಯಾದ ಮೇಲೆ ಒಂದು ವಚನ ಗಟ್ಟಿಯಾಗಿ ಓದಿದೆ. ಖಾಲಿ ಮನೆಯಲ್ಲಿ ನನ್ನ ದನಿ ಪಾಠ ಮಾಡುವ ದನಿಯ ಹಾಗೆಯೇ ಕೇಳುತ್ತಿತ್ತು. ಗೋಡೆಯಾಚೆಯಿಂದ ಮಷೀನಿನ ಸದ್ದು ಬರುತ್ತಿತ್ತು, ತಂಗಿ ತುಳಿಯುತ್ತಿದ್ದದ್ದಕ್ಕಿಂತ ಸ್ವಲ್ಪ ನಿಧಾನ. ಅದೂ ಏನೂ ಮಾಡಲಿಲ್ಲ. ಹೀಗೆ ಆರೇಳು ವಾರ ಹೋಯಿತು.

ಒಂದು ದಿನ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಆಚೆಯ ಸದ್ದು ಬೇರೆಯಾಗಿತ್ತು. ಟಕ ಟಕ ಎನ್ನುವುದು ಹೋಗಿ ಗುಂಯ್ ಎನ್ನುತ್ತಿತ್ತು. ಅವರ ಮನೆಗೆ ಹೋಗಿ ನೋಡಿದೆ. ಮಷೀನಿನ ತಲೆಯನ್ನು ಬೇರೆ ಟೇಬಲ್ಲಿಗೆ ಕೂರಿಸಿ ಮೋಟಾರು ಹಾಕಿದ್ದರು. ಕೆಳಗಿನ ಕಬ್ಬಿಣದ ಕಾಲು, ಪೆಡಲು ಎಲ್ಲ ಹೊರಗೆ ಗೋಡೆಗೆ ಒರಗಿದ್ದವು, ಗುಜರಿಯವನಿಗೆ ಹಾಕಲಿಕ್ಕೆ.

ನನಗೆ ಸಿಟ್ಟು ಬಂತು. ಯಾರನ್ನು ಕೇಳಿ ಹೀಗೆ ಮಾಡಿದೆ, ಅದು ನನ್ನ ತಂಗಿಯ ಮಷೀನು ಎಂದು ಜೋರಾಗಿಯೇ ಕೇಳಿದೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಅವಳಿಗೆ ಕೊಟ್ಟವಳು ನಾನೇ, ಅವಳು ಬೇಡ ಎಂದಿದ್ದಳು, ಎಲ್ಲ ನೆನಪಿದ್ದೂ ಬಾಯಿ ನಿಲ್ಲಲಿಲ್ಲ. ಐದು ತಿಂಗಳಿಗೂ ಮೇಲೆ ನಾನು ಯಾರ ಮೇಲೂ ದನಿ ಎತ್ತಿರಲಿಲ್ಲ, ಶಾಲೆಯಲ್ಲೂ.

ಅವಳು ಎದ್ದಳು. ಬಟ್ಟೆಯ ರಾಶಿ ಸರಿಸಿ, “ಕೂಡ್ರಿ ದೊಡ್ಡಕ್ಕ” ಎಂದಳು. ನೀರು ತಂದುಕೊಟ್ಟಳು. ಮಂಡಿ ನೋವು ಬರುತ್ತಿದೆ, ಅದಕ್ಕೇ ಮೋಟಾರು ಹಾಕಿಸಿದ್ದು, ನಿಮಗೆ ಒಂದು ಮಾತು ಹೇಳಬೇಕಿತ್ತು ಎಂದಳು. ಆಮೇಲೆ ದಾರ ಕತ್ತರಿಸುತ್ತ ಹೇಳಿದಳು: “ಸಣ್ಣಕ್ಕಾರಿಗೂ ಹೇಳಿದ್ದೆ, ಮೋಟಾರ್ ಹಾಕಿಸ್ರಿ, ಯಾಕ ಇಷ್ಟು ತುಳಿತೀರಿ ಅಂತ. ಬ್ಯಾಡ ಅಂದ್ರು. ಕಾಲು ಆಡ್ತಿದ್ರೆ ತಲೆ ಸುಮ್ಕಿರ್ತೈತೆ ಅಂದ್ರು.”

ತಂಗಿಗೆ ಸುಮ್ಮನಿರಿಸಬೇಕಾದಂಥದ್ದು ತಲೆಯಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಸದ್ದು ಕಡಿಮೆ ಮಾಡು ಎಂದು ಎಷ್ಟೋ ಸಲ ಕೂಗಿ ಹೇಳಿದ್ದೇನೆ. ಯಾಕೆ ಇಷ್ಟು ಹೊತ್ತು ತುಳಿಯುತ್ತೀ ಎಂದು ಒಂದು ಸಲವೂ ಕೇಳಿರಲಿಲ್ಲ. ಆ ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತು ಸ್ವಲ್ಪ ಅತ್ತೆ. ಹೆಚ್ಚು ಹೊತ್ತಲ್ಲ. ಅವಳು ಮಷೀನು ನಿಲ್ಲಿಸಿ ಕೂತಿದ್ದಳು. ಎದ್ದು ಹೋಗುವಾಗ ಜೋರು ಮಾಡಿದ್ದಕ್ಕೆ ತಪ್ಪಾಯಿತು ಎಂದೆ. ಅವಳು ಇರಲಿ ಬಿಡ್ರಿ ಎಂದು, ಕಬ್ಬಿಣದ ಕಾಲು ಬೇಕಿದ್ದರೆ ತಗೊಂಡು ಹೋಗಿ ಎಂದಳು. ಅದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಬೇಡ ಎಂದೆ. ಬೇಡ ಎನ್ನುವಾಗ ಕಷ್ಟವಾಯಿತು. ಮರುದಿನ ಗುಜರಿಯವನು ಬಂದು ಒಯ್ದ.

ಸರ್‌ಗೆ ಫೋನ್ ಮಾಡಿ, ಅಪರಿಗ್ರಹದ ಬಗ್ಗೆ ಅಷ್ಟು ಮಾತಾಡಿದವಳು ಕೊಟ್ಟ ವಸ್ತುವಿಗಾಗಿ ಬೀದಿಯಲ್ಲಿ ಜಗಳ ಮಾಡಿದೆ ಎಂದು ಹೇಳಿದೆ. ಅವರು ನಕ್ಕರು. “ಚಲೋ ಆತು,” ಎಂದರು. “ಈಗ ಸೂತ್ರದ ಪುಸ್ತಕ ತೆಗೀರಿ. ಮೊದಲನೇದರಿಂದ. ವಾರಕ್ಕೊಂದು.”

ಈಗ ಅವರು ಕೋಲು ಹಿಡಿದು ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ದಿನ ನಾನು ತರಗತಿ ನಡೆಸುತ್ತೇನೆ. ಹೊಸದಾಗಿ ಸೇರಿದವರು ಯಾವ ಪುಸ್ತಕ ಓದಬೇಕು ಎಂದು ಕೇಳುತ್ತಾರೆ. ಮೂರು ತಿಂಗಳು ಬರೀ ಬನ್ನಿ ಎನ್ನುತ್ತೇನೆ. ಆಮೇಲೂ ಕೇಳಿದರೆ ವಚನದ ಪುಸ್ತಕ ಮಾತ್ರ ಹೇಳುತ್ತೇನೆ, ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ಕೇಳುವ ಹಾಗೆ ಓದಿ ಎನ್ನುತ್ತೇನೆ. ಇನ್ನೂ ಬೇರೆ ಪುಸ್ತಕ ಕೇಳಿದರೆ, ಈ ನಡುವೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ವಿಚಾರಿಸುತ್ತೇನೆ. ಹೌದು ಎಂದರೆ ಸೂತ್ರದ ಪುಸ್ತಕದ ಹೆಸರು ಹೇಳುವುದಿಲ್ಲ.

ನನಗೇನೂ ದೊಡ್ಡದಾಗಿ ವಾಸಿಯಾಗಿಲ್ಲ. ಅಳು ಆಮೇಲೆ ಎರಡು ಸಲ ಬಂದಿದೆ. ಹೆಚ್ಚಿನ ದಿನಗಳಲ್ಲಿ ಏನೂ ಇರುವುದಿಲ್ಲ. ಏಳುತ್ತೇನೆ, ಆಸನ ಮಾಡುತ್ತೇನೆ, ಶಾಲೆಗೆ ಹೋಗುತ್ತೇನೆ. ಆ ಏನೂ ಇಲ್ಲದ್ದಕ್ಕೆ ಪುಸ್ತಕದಿಂದ ಹೆಸರು ತಂದು ಇಡುವುದನ್ನು ಬಿಟ್ಟಿದ್ದೇನೆ. ಹೋದ ವಾರ ಹದಿನೈದನೆಯ ಸೂತ್ರಕ್ಕೆ ಬಂದೆ, ವೈರಾಗ್ಯ ಎಂದರೇನು ಎಂದು ಹೇಳುವಂಥದ್ದು. ನಾಲ್ಕು ದಿನ ಓದಿದರೂ ಅರ್ಥವಾಗದೆ ಸರ್ ಅವರನ್ನು ಕೇಳಿದೆ. ತಮಗೂ ಪೂರ್ತಿ ಅರ್ಥವಾಗಿಲ್ಲ ಎಂದರು.