ಬೈಗುಳದ ಪಾಳಿ

ಅಕ್ಕೋರ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ನಗು ಬಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಆದರೂ ಹಲ್ಲು ಕಂಡೇ ಕಾಣುತ್ತಿತ್ತು. ಅದು ಮುರಿದದ್ದು ಹೇಗೆಂದು ಪ್ರತಿ ವರ್ಷದ ಹೊಸ ಹುಡುಗಿಯರಿಗೆ ಒಂದು ಹೊಸ ಕಥೆ. ನಮಗಿಂತ ಹಿಂದಿನವರಿಗೆ ಎಮ್ಮೆ ಒದ್ದಿತು ಎಂದಿದ್ದರಂತೆ. ನಮಗೆ, "ಈ ಹಾಸ್ಟೆಲ್ಲಿನ ಸಜ್ಜಿ ರೊಟ್ಟಿ ಕಡದೆ ನೋಡ್ರವಾ. ರೊಟ್ಟಿಗೇನೂ ಆಗ್ಲಿಲ್ಲ" ಎಂದರು. ಖರೆ ಹೇಳ್ರಿ ಎಂದು ಗಂಟುಬಿದ್ದರೆ, "ಡಿಗ್ರಿ ಮುಗಸ್ರಿ, ಹೇಳ್ತೀನಿ."

ಅಕ್ಕೋರು ಯಾದಗಿರಿಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು, ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಕೂಡ ಅವರೇ. ನಾನು ಕಕ್ಕೇರಾದಿಂದ ಬಂದವಳು. ಆ ಬೇಸಿಗೆಯಲ್ಲೇ ಅವ್ವ ತೀರಿಕೊಂಡಿದ್ದಳು. ಅಪ್ಪ ಟ್ರಂಕ್ ಇಳಿಸಿ ಹೋದ. ನನಗೆ ಅಳುವೂ ಬರಲಿಲ್ಲ, ಹಸಿವೂ ಆಗಲಿಲ್ಲ. ದಪ್ಪ ಕಂಬಳಿ ಹೊದ್ದು ಕೂತವಳ ಹಾಗೆ ಎಲ್ಲರ ಮಾತೂ ದೂರದಿಂದ ಕೇಳುತ್ತಿತ್ತು. ಟ್ರಂಕಿನ ಬೀಗ ತೆಗೆಯದೆ ಬೆಳಗಿನ ಬಸ್ಸಿಗೆ ವಾಪಸ್ ಹೋಗುವುದೆಂದು ನಿಶ್ಚಯಿಸಿದ್ದೆ. ಹೋದರೆ ಓದು ಅಲ್ಲಿಗೇ ಮುಗಿಯಿತು ಎಂದು ಗೊತ್ತಿತ್ತು. ಗೊತ್ತಿದ್ದರೂ ಏನೂ ಅನ್ನಿಸುತ್ತಿರಲಿಲ್ಲ.

ಹೊಸಬರ ಮೊದಲ ಸಂಜೆಗೆ ಅಕ್ಕೋರು ಒಂದು ಪದ್ಧತಿ ಇಟ್ಟಿದ್ದರು. ಭಾಷಣವಿಲ್ಲ, ಹಾರವಿಲ್ಲ. ಎಲ್ಲರೂ ದುಂಡಗೆ ಕೂತು, ಮನೆಯಲ್ಲಿ ಅವ್ವ ಹೇಗೆ ಬೈಯುತ್ತಾಳೋ ಅವಳದೇ ದನಿಯಲ್ಲಿ ಬೈದು ತೋರಿಸಬೇಕು. ಶಹಾಪುರದವಳು ಸೊಂಟಕ್ಕೆ ಕೈಯಿಟ್ಟು, "ರೊಟ್ಟಿ ಹೊತ್ತಾಕತ್ತೈತಿ, ನಿನ್ನ ಕಣ್ಣ ಎಲ್ಲಿ ಮೇಯಾಕ ಹೋಗ್ಯಾವ?" ಎಂದಳು. ರಂಗಂಪೇಟೆಯವಳು ಅಮ್ಮಿಯ ದಖನಿ ಉರ್ದುವಿನಲ್ಲಿ, "ಕಿತ್ತಾ ಸೋತಿಯೇ ಮಾ, ಸೂರಜ್ ಸರ್ ಪೋ ಆಗಯಾ!" ಎಂದು ಕಿರುಚಿದಳು. ಎಷ್ಟು ಮಲಗ್ತೀ, ಸೂರ್ಯ ನೆತ್ತಿಗೆ ಬಂದ ಎಂಬ ಬೈಗುಳ ಎಲ್ಲ ಮನೆಯಲ್ಲೂ ಇದ್ದದ್ದೇ, ಉರ್ದು ಬಾರದವರೂ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತಲೇ ಕೆಲವರು ಅತ್ತರು.

ನನ್ನ ಪಾಳಿ ಬಂತು. "ನನಗ ಬೈಯೋರು ಇಲ್ರಿ. ಅವ್ವ ಹೋಗ್ಯಾಳ" ಎಂದೆ.

ಅಕ್ಕೋರಿಗೆ ಇದು ಗೊತ್ತಿರಲಿಲ್ಲ. ಅವರ ಮುಖ ಒಮ್ಮೆ ಇಳಿಯಿತು. ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡೆ. ಅದನ್ನು ಕೇಳಿ ಕೇಳಿ ಸಾಕಾಗಿತ್ತು. ಅವರು ಎದ್ದು ಬಂದು ನನ್ನೆದುರು ನಿಂತು ದನಿ ಏರಿಸಿದರು: "ಏ ಖೋಡಿ! ಮುಂಜಾನಿಂದ ಹೊಟ್ಟಿಗೆ ಏನರ ಹಾಕ್ಕೊಂಡೀಯೇನು? ಟ್ರಂಕ್ ಯಾಕ ಬಿಚ್ಚಿಲ್ಲ? ಬಸ್ ಸ್ಟ್ಯಾಂಡಿನಾಗ ಕುಂತಂಗ ಕುಂತಾಳ ನೋಡು!" ಯಾರೂ ನಗಲಿಲ್ಲ. ಆಮೇಲೆ ಮೆಲ್ಲಗೆ, "ನಿನ್ನ ಪಾಳಿ ಉಳೀತು. ಯಾವಾಗರ ತೀರಸಬೇಕು" ಎಂದರು.

ಅಂದಿನಿಂದ ದಿನಾ ನನ್ನ ಕೋಣೆಯ ಬಾಗಿಲಿಗೆ ಬಂದು ಬೈದೇ ಕಾಲೇಜಿಗೆ ಹೋಗುತ್ತಿದ್ದರು. ಎಣ್ಣೆ ಹಚ್ಚದ ತಲೆಗೆ, ಅನ್ನ ಬಿಟ್ಟ ತಟ್ಟೆಗೆ, ಏನೂ ಸಿಗದಿದ್ದರೆ ಸುಮ್ಮನಿದ್ದದ್ದಕ್ಕೆ. ನನಗೆ ನಗು ಬರುತ್ತಿರಲಿಲ್ಲ. ನಾಳೆಯದೊಂದು ಬೈಸಿಕೊಂಡು ಹೋದರಾಯಿತು ಎಂದು ಮಾತ್ರ ಉಳಿಯುತ್ತಿದ್ದೆ.

ಆದರೂ ಒಂದು ಬೆಳಿಗ್ಗೆ ಟ್ರಂಕ್ ಹೊತ್ತು ಬಸ್ಸು ಹತ್ತಿಬಿಟ್ಟೆ. ಅಕ್ಕೋರು ಆಟೋದಲ್ಲಿ ಬಂದು, ಬಸ್ಸೊಳಗೆ ನುಗ್ಗಿ, ಮಂದಿಯೆದುರೇ ಶುರು ಮಾಡಿದರು. ಕಂಡಕ್ಟರನಿಗೆ ನನ್ನ ಮೇಲೆ ಕನಿಕರ ಬಂತು. "ಇರ್ಲಿ ಬಿಡ್ರಿ ಯವ್ವಾ, ಹಡದವ್ರು ಹಿಂಗ ಮಂದ್ಯಾಗ ಬೈಬಾರ್ದು. ಕೂಸು ಅಂಜೈತಿ."

"ಅಂಜೂ ಪೈಕಿ ಅಲ್ಲರಿ ಇಕಿ" ಎಂದರು ಅಕ್ಕೋರು. ತಾನು ಹಡೆದವಳಲ್ಲ ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. "ಹೋಗೂದಿದ್ರ ಹೋಗವಾ. ನಾಳೆ ಮುಂಜಾನಿ ಬೈಯಾಕ ನಾ ಯಾರನ್ನ ಹುಡುಕ್ಲಿ?"

ಇಳಿದೆ. ಡಿಗ್ರಿ ಮುಗಿದ ದಿನ ಹಲ್ಲಿನ ಕಥೆ ಕೇಳಿದರೆ, "ಬಿ.ಎಡ್. ಮುಗಸು" ಎಂದರು. ಅದೂ ಮುಗಿಯಿತು. ಅವರು ಹೇಳಲೇ ಇಲ್ಲ.

ಈಗ ಶಹಾಪುರದಲ್ಲಿ ಟೀಚರ್ ಆಗಿದ್ದೇನೆ. ಅಕ್ಕೋರು ಹೋದರೆಂದು ಫೋನ್ ಬಂದಾಗ ಪಾಠದ ನಡುವೆ ಇದ್ದೆ, ಪಾಠ ಮುಗಿಸಿದೆ. ಮಣ್ಣಿಗೆ ಹೋದೆ, ಬಂದೆ. ಮತ್ತೆ ಅದೇ ಕಂಬಳಿ. ನಾನೆಂಥ ಕಲ್ಲು ಎಂದು ನನಗೇ ಹೇಸಿಗೆಯಾಯಿತು.

ಹಾಸ್ಟೆಲ್ಲಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಆಗಷ್ಟೇ ಬಂದ ಹೊಸ ಹುಡುಗಿಯರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅಕ್ಕೋರನ್ನು ಕಂಡೇ ಇರದವರು. ಈ ವರ್ಷ ಅವರಿಗೆ ಬೈಗುಳದ ಸಂಜೆ ಆಗಿರಲಿಲ್ಲ. ತುಂಬಲಾರದ ನಷ್ಟ ಎಂದು ಮೂರು ಮಂದಿ ಹೇಳಿದ ಮೇಲೆ ನನ್ನನ್ನು ಕರೆದರು. ವೇದಿಕೆ ಹತ್ತಿ ನಿಂತೆ. ಸೊಂಟಕ್ಕೆ ಕೈಯಿಟ್ಟೆ. "ಏ ಖೋಡಿ! ಮುಂಜಾನಿಂದ ಹೊಟ್ಟಿಗೆ ಏನರ ಹಾಕ್ಕೊಂಡೀಯೇನು?" ಎಂದು ಶುರುಮಾಡಿ, ಎಣ್ಣೆ, ತಟ್ಟೆ, ಬಸ್ಸು, ಯಾವುದನ್ನೂ ಬಿಡದೆ ಬೈದೆ. ಹೊಸ ಹುಡುಗಿಯರು ಮೊದಲು ಗಾಬರಿಯಾದರು, ಆಮೇಲೆ ನಕ್ಕರು.

ಇಳಿದು ಬರುವಾಗ ಅವರಲ್ಲೊಬ್ಬಳು ಹತ್ತಿರ ಬಂದು ಕೇಳಿದಳು: "ನಿಮ್ಮವ್ವ ಭಾಳ ಬೈತಿದ್ರೇನ್ರಿ, ಮೇಡಂ?"

"ಹೂಂ, ಭಾಳ ಬೈತಿದ್ಲು" ಎಂದೆ. ಆಗ ಅಳು ಬಂತು.